ನಿಮ್ಮ ನಾರ್ವೆ ಮೇಷ್ಟ್ರ ಲೇಖನದ ಬಗ್ಗೆ

ನಮಸ್ಕಾರ.

ನೀವು ಕಳಿಸಿದ ‘ಹಳ್ಳಿಯ ಗುರು, ನಾಡಿನ ನಾಯಕ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಹಾಕಿಕೊಳ್ಳೋಕೆ ಆಗುವುದಿಲ್ಲ. ಹಾಗಂತ ಎರಡು ಸಾಲು ಬರೆದು ವಾಪಸ್ ಕಳಿಸೋಕೂ ಮನಸ್ಸು ಬರಲಿಲ್ಲ. ಯಾಕೆಂದರೆ ನೀವು ಆರಿಸಿಕೊಂಡಿರುವ ಮನುಷ್ಯ ಒಳ್ಳೆಯ ಲೇಖನಕ್ಕೆ ಹೇಳಿ ಮಾಡಿಸಿದಂಥವರು. ಓಲೆ ಗಾಬ್ರಿಯೆಲ್ ಉಯೆಲಾಂಡ್ 1799ರಲ್ಲಿ ನಾರ್ವೆಯ ನೈಋತ್ಯ ಮೂಲೆಯ ಕಲ್ಲುಬಂಡೆ ಸೀಮೆಯಲ್ಲಿ ಹುಟ್ಟಿದವರು. ಮೊದಲು ಹಳ್ಳಿ ಮೇಷ್ಟ್ರು. ಆಮೇಲೆ 1833ರಿಂದ 1869ರವರೆಗೆ ಅಲ್ಲಿನ ಸಂಸತ್ತಾದ ಸ್ಟೋರ್ಟಿಂಗ್‌ನಲ್ಲಿ ರೈತರ ಮುಂದಾಳು. ಕನ್ನಡದಲ್ಲಿ ಇವರ ಬಗ್ಗೆ ಬರೆಯಬೇಕು ಅಂತ ನಿಮಗೆ ಹೊಳೆಯಿತಲ್ಲ, ಅದು ಖುಷಿಯ ವಿಷಯ.

ಈಗ ಜಗಳಕ್ಕೆ ಬರೋಣ.

‘ಬಾಲ್ಯದಲ್ಲೇ ಅವರ ಕಣ್ಣುಗಳಲ್ಲಿ ನಾಯಕತ್ವದ ಕಿಡಿ ಹೊಳೆಯುತ್ತಿತ್ತು’ ಎಂದು ಶುರು ಮಾಡಿದ್ದೀರಿ. ನೋಡಿದವರು ಯಾರು? ‘ಮಹಾನ್ ಚೇತನ’, ‘ಧೀಮಂತ’, ‘ದೂರದೃಷ್ಟಿಯ ಹರಿಕಾರ’, ಇವೆಲ್ಲ ಮೊದಲ ಪುಟದಲ್ಲೇ ಇವೆ. ಸನ್ಮಾನ ಪತ್ರಕ್ಕೆ ಸರಿ. ಈ ಮಾತುಗಳನ್ನು ಯಾವ ನಾಯಕರಿಗೆ ಹಚ್ಚಿದರೂ ಅಂಟುತ್ತವೆ, ಅದೇ ತೊಂದರೆ. ಎಲ್ಲವನ್ನೂ ಹೊಡೆದುಹಾಕಿ. ಲೇಖನ ಒಂದು ಪುಟ ಕಡಿಮೆಯಾಗುತ್ತದೆ, ಆಗಲಿ ಬಿಡಿ.

ಎರಡನೇ ಪುಟದಲ್ಲಿ ‘ಕಪ್ಪುಹಲಗೆಯ ಮುಂದೆ ನಿಂತು ಸಾಲುಸಾಲು ಬೆಂಚುಗಳತ್ತ ನೋಡುವ ಯುವ ಶಿಕ್ಷಕ’ ಬರುತ್ತಾರೆ. ಇದು ನಿಮ್ಮ ಶಾಲೆ, ನನ್ನ ಶಾಲೆ. ಅವರದಲ್ಲ. ಆ ಕಾಲದ ನಾರ್ವೆಯ ಹಳ್ಳಿಗಳಲ್ಲಿ ಬಹುಪಾಲು ಕಡೆ ಶಾಲೆಗೆ ಕಟ್ಟಡವೇ ಇರಲಿಲ್ಲ. ಇದ್ದದ್ದು ಸುತ್ತಾಟದ ಶಾಲೆ. ಮೇಷ್ಟ್ರು ಒಂದು ಮನೆಯಲ್ಲಿ ಕೆಲವು ದಿನ ಪಾಠ ಮಾಡಿ ಮುಂದಿನ ಮನೆಗೆ ಹೋಗಬೇಕು. ಊಟ, ಹಾಸಿಗೆ ಆಯಾ ಮನೆಯವರದು. ಕೈಗೆ ಸಿಗುವ ಕಾಸು ತೀರಾ ಕಡಿಮೆ. ಪಾಠ ನಡೆಯುವುದು ಮನೆಯವರೆಲ್ಲ ಓಡಾಡುವ ಕೋಣೆಯಲ್ಲೇ. ಓದು ಕಲಿಸುವುದೂ ಬಹುಮಟ್ಟಿಗೆ ಧರ್ಮಪಾಠಕ್ಕಾಗಿ. 1736ರಿಂದ ಪ್ರತಿ ಹುಡುಗ ಹುಡುಗಿಯೂ ಚರ್ಚಿನಲ್ಲಿ ಪಾದ್ರಿಯ ಮುಂದೆ ಪ್ರಶ್ನೆಗಳಿಗೆ ಉತ್ತರ ಹೇಳಿ ದೃಢೀಕರಣ (ಕನ್ಫರ್ಮೇಷನ್) ಎಂಬ ಧರ್ಮವಿಧಿ ಮುಗಿಸಲೇಬೇಕಿತ್ತು. ಅದಕ್ಕೆ ತಯಾರು ಮಾಡುವುದು ಮೇಷ್ಟ್ರ ಕೆಲಸ. ಹಳ್ಳಿಗಳಲ್ಲಿ ಕಾಯಂ ಶಾಲೆ ಬೇಕು ಅನ್ನುವ ಕಾನೂನು ಬಂದದ್ದು 1860ರಲ್ಲಿ. ಅಷ್ಟರಲ್ಲಿ ಉಯೆಲಾಂಡ್‌ಗೆ ಅರವತ್ತು ವಯಸ್ಸು.

ಇಷ್ಟು ತಿಳಿದ ಮೇಲೆ ಬರೆದು ನೋಡಿ. ಹದಿಹರೆಯದ ಮೇಷ್ಟ್ರು ಯಾರದೋ ಮನೆಯ ಊಟದ ಮೇಜಿನ ತುದಿಯಲ್ಲಿ ಕೂತಿದ್ದಾರೆ. ಅದೇ ಮೇಜಿನಲ್ಲಿ ಸಂಜೆ ಮನೆಯವರು ಕಂದಾಯದ ಬಗ್ಗೆ, ಪಾದ್ರಿಗೆ ಕೊಡಬೇಕಾದ ಪಾಲಿನ ಬಗ್ಗೆ ಗೊಣಗುತ್ತಿರಬಹುದು. ‘ಇರಬಹುದು’ ಅಂತಲೇ ಬರೆಯಿರಿ, ಊಹೆಯನ್ನು ಊಹೆ ಅಂತ ಹೇಳಿದರೆ ಓದುಗರು ಬೇಸರಿಸುವುದಿಲ್ಲ. ಆದರೆ ಮೇಷ್ಟ್ರು ಮನೆಮನೆ ತಿರುಗಿ ಉಂಡದ್ದು ಊಹೆಯಲ್ಲ. ಮುಂದೆ ಊರ ಪರವಾಗಿ ಮಾತಾಡುವವರಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಎಲ್ಲಿ ಸಿಗುತ್ತದೆ? ನೀವು ಇದನ್ನು ‘ಬಡತನದಲ್ಲಿ ಅರಳಿದ ಪ್ರತಿಭೆ’ ಅಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇನ್ನೊಂದು ಸಾಲಿಗೆ. ‘ಜನರ ಪ್ರೀತಿ ಅವರನ್ನು ಸಂಸತ್ತಿಗೆ ಕೊಂಡೊಯ್ದಿತು.’ ಅಷ್ಟು ಸಲೀಸಾಗಿತ್ತಾ? 1814ರ ನಾರ್ವೆ ಸಂವಿಧಾನದ ಪ್ರಕಾರ ಹಳ್ಳಿಗಳಲ್ಲಿ ಮತ ಹಾಕಬಹುದಾದವರು ಸರ್ಕಾರಿ ಅಧಿಕಾರಿಗಳು, ಮತ್ತೆ ಕಂದಾಯದ ಲೆಕ್ಕಕ್ಕೆ ಸೇರಿದ ಜಮೀನಿನ ಒಡೆಯರು ಅಥವಾ ಅಂಥ ಜಮೀನನ್ನು ಐದು ವರ್ಷಕ್ಕಿಂತ ಜಾಸ್ತಿ ಗೇಣಿಗೆ ಮಾಡಿದವರು. ಗಂಡಸರು ಮಾತ್ರ, ಇಪ್ಪತ್ತೈದು ದಾಟಿದವರು. ಮನೆಮನೆ ತಿರುಗುವ ಮೇಷ್ಟ್ರಿಗೆ ಮತವೇ ಇಲ್ಲ! ಊರಿನ ಮಕ್ಕಳಿಗೆಲ್ಲ ಓದು ಕಲಿಸಿದರೂ ಇಲ್ಲ. ಉಯೆಲಾಂಡ್ ಲೆಕ್ಕಕ್ಕೆ ಬಂದದ್ದು 1827ರ ಮದುವೆಯಿಂದ. ಆ ಮದುವೆಯಿಂದ ಹೆಸ್ಕೆಸ್ಟಾಡ್ ಎಂಬಲ್ಲಿ ಉಯೆಲಾಂಡ್ ಅನ್ನುವ ಜಮೀನು ಕೈಗೆ ಬಂತು. ಜಮೀನಿನ ಜೊತೆ ಆ ಹೆಸರೂ ಬಂತು, ಅಲ್ಲಿನ ರೈತರ ಪದ್ಧತಿ ಅದು. ನೀವು ತೊಟ್ಟಿಲಲ್ಲಿದ್ದ ಕೂಸನ್ನೇ ‘ಪುಟ್ಟ ಉಯೆಲಾಂಡ್’ ಅಂದುಬಿಟ್ಟಿದ್ದೀರಿ, ತಿದ್ದಿ. ಮದುವೆಯನ್ನು ‘ಈ ನಡುವೆ ವಿವಾಹವೂ ನೆರವೇರಿತು’ ಅಂತ ಕಂಸದೊಳಗೆ ತುರುಕಿದ್ದೀರಿ. ಅವರ ರಾಜಕೀಯ ಜೀವನದ ಬಾಗಿಲು ತೆರೆದದ್ದೇ ಅಲ್ಲಿ. ಕಂಸ ತೆಗೆದು ಅದಕ್ಕೊಂದು ಪುಟ ಕೊಡಿ.

1833 ಕೂಡ ಬರೀ ಒಂದು ಇಸವಿಯಲ್ಲ. ಮತದ ಹಕ್ಕು ಇದ್ದರೂ ರೈತರು ಅಲ್ಲಿಯವರೆಗೆ ಹೆಚ್ಚಾಗಿ ಆರಿಸಿ ಕಳಿಸುತ್ತಿದ್ದದ್ದು ಓದಿದ ಅಧಿಕಾರಿಗಳನ್ನೇ. ಆ ಚುನಾವಣೆಯಲ್ಲಿ ಮೊದಲ ಸಲ ರೈತರು ದೊಡ್ಡ ಸಂಖ್ಯೆಯಲ್ಲಿ ಗೆದ್ದು ಬಂದರು, ಸಭೆಯ ಹತ್ತಿರ ಹತ್ತಿರ ಅರ್ಧದಷ್ಟು. ಅದನ್ನು ಇಂದಿಗೂ ರೈತರ ಸಂಸತ್ತು ಎಂದೇ ಕರೆಯುತ್ತಾರೆ. ಉಯೆಲಾಂಡ್ ಆ ಗುಂಪಿನಲ್ಲಿ ಬಂದವರು, ಒಂಟಿ ಸಾಹಸಿ ಅಲ್ಲ. ಇನ್ನೊಂದು ಮಾತು. ನೀವು ‘ಭವ್ಯ ಸಂಸತ್ ಭವನದ ಮೆಟ್ಟಿಲೇರಿದರು’ ಅಂತ ಬರೆದಿದ್ದೀರಿ. ಆ ಭವನ ತಯಾರಾದದ್ದು 1866ರಲ್ಲಿ. 1854ರವರೆಗೆ ಸ್ಟೋರ್ಟಿಂಗ್ ಸೇರುತ್ತಿದ್ದದ್ದು ರಾಜಧಾನಿಯ ಕೆಥೆಡ್ರಲ್ ಶಾಲೆಯ ಕಟ್ಟಡದಲ್ಲಿ! ಶಾಲೆಯ ಕಟ್ಟಡವಿಲ್ಲದೆ ಪಾಠ ಮಾಡಿದ ಮೇಷ್ಟ್ರು ಕಾನೂನು ಮಾಡೋಕೆ ಬಂದು ಕೂತದ್ದು ಶಾಲೆಯಲ್ಲಿ. ಇಂಥದ್ದು ಸಿಕ್ಕರೆ ಲೇಖಕರು ಕುಣಿಯಬೇಕು ಅಲ್ವಾ? ಆ ಸಭಾಂಗಣವನ್ನು ಈಗ ಓಸ್ಲೋದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅಂದ ಹಾಗೆ, ಆಗ ಊರಿನ ಹೆಸರು ಓಸ್ಲೋ ಅಲ್ಲ, ಕ್ರಿಸ್ಟಿಯಾನಿಯಾ.

1837ರ ಜನವರಿ 14ರ ಸ್ಥಳೀಯ ಆಡಳಿತ ಕಾನೂನುಗಳನ್ನು ‘ಅವರೊಬ್ಬರೇ ತಂದರು’ ಅನ್ನಬೇಡಿ. ಅದಕ್ಕಾಗಿ ಜೋರಾಗಿ ದುಡಿದವರಲ್ಲಿ ಒಬ್ಬರು ಅನ್ನಿ. ಆ ಕಾನೂನಿನಿಂದ ಏನಾಯಿತು ಅನ್ನುವುದನ್ನೂ ಹೇಳಿ. ಬಡವರಿಗೆ ಎಷ್ಟು ಕೊಡಬೇಕು, ಶಾಲೆಗೆ ಎಷ್ಟು, ರಸ್ತೆಗೆ ಎಷ್ಟು, ಇದನ್ನೆಲ್ಲ ಊರವರು ಆರಿಸಿದ ಮಂಡಳಿಯೇ ತೀರ್ಮಾನಿಸುವಂತಾಯಿತು. ಮುಂದೆ ಉಯೆಲಾಂಡ್ ತಮ್ಮೂರಿನ ಮಂಡಳಿಗೂ ಅಧ್ಯಕ್ಷರಾದರು.

ನೀವು ಪೂರ್ತಿ ಬಿಟ್ಟದ್ದು ಧಾರ್ಮಿಕ ಕೂಟಗಳ ಕಾನೂನು. 1741ರ ಆ ಆಜ್ಞೆಯ ಪ್ರಕಾರ ಪಾದ್ರಿಯ ಒಪ್ಪಿಗೆ ಇಲ್ಲದೆ ಜನಸಾಮಾನ್ಯರು ಧಾರ್ಮಿಕ ಸಭೆ ಸೇರುವಂತಿರಲಿಲ್ಲ. ರೈತನ ಮಗನಾದ ಬೋಧಕ ಹಾನ್ಸ್ ನೀಲ್ಸನ್ ಹಾವ್ಗೆ ವರ್ಷಗಟ್ಟಲೆ ಜೈಲಿನಲ್ಲಿದ್ದದ್ದು ಇದೇ ಆಜ್ಞೆಯ ದೆಸೆಯಿಂದ. ಅದನ್ನು ತೆಗೆದುಹಾಕಬೇಕು ಅಂತ ಸ್ಟೋರ್ಟಿಂಗ್ 1836ರಲ್ಲಿ ತೀರ್ಮಾನಿಸಿತು. ರಾಜ ಒಪ್ಪಲಿಲ್ಲ. 1839ರಲ್ಲಿ ಮತ್ತೆ ತೀರ್ಮಾನ, ಮತ್ತೆ ಇಲ್ಲ. ಸಂವಿಧಾನದ ಪ್ರಕಾರ ಒಂದೇ ಮಸೂದೆ ಮೂರು ಸ್ಟೋರ್ಟಿಂಗ್‌ಗಳಲ್ಲಿ ಬದಲಾಗದೆ ಪಾಸಾದರೆ ರಾಜನ ಸಹಿ ಬೇಕಿಲ್ಲ. ಆದರೆ ಸ್ಟೋರ್ಟಿಂಗ್ ಸೇರುತ್ತಿದ್ದದ್ದು ಮೂರು ವರ್ಷಕ್ಕೊಮ್ಮೆ. ಅಂದರೆ ಮನೆಗೆ ಹೋಗಿ ಉತ್ತು ಬಿತ್ತಿ, ಮತ್ತೆ ಗೆದ್ದು ಬಂದು, ಅದೇ ಮಸೂದೆಗೆ ಅದೇ ಮಾತು ಆಡಬೇಕು. 1842ರಲ್ಲಿ ಆಜ್ಞೆ ಹೋಯಿತು. ‘ತಾಳ್ಮೆಯ ಮೂರ್ತಿ’ ಅಂತ ನೀವು ಬರೆದ ಕಡೆ ಈ ಮೂರು ಇಸವಿ ಇಟ್ಟರೆ ಸಾಕು, ಆ ಪದ ಬೇಕಾಗುವುದೇ ಇಲ್ಲ.

ಒಂದು ದೊಡ್ಡ ತಪ್ಪಿದೆ. 1865ರ ‘ರೈತಮಿತ್ರ’ ಸಂಘಗಳೂ ಅವುಗಳ ಪತ್ರಿಕೆಯೂ ಉಯೆಲಾಂಡ್ ಅವರದಲ್ಲ. ಅದು ಸೋರೆನ್ ಯೋಬೆಕ್ ಅವರ ಕೆಲಸ. ಅವರೂ ಮೇಷ್ಟ್ರಾಗಿದ್ದವರು, ರೈತರು, 1845ರಲ್ಲಿ ಸ್ಟೋರ್ಟಿಂಗ್‌ಗೆ ಬಂದು 1891ರವರೆಗೆ ಇದ್ದವರು. ಇಬ್ಬರನ್ನೂ ಕಲಸಿಬಿಟ್ಟಿದ್ದೀರಿ. ‘ಪಕ್ಷ ಕಟ್ಟಿದರು’ ಅನ್ನುವ ಮಾತೂ ಹೋಗಬೇಕು. ನಾರ್ವೆಯ ಮೊದಲ ಪಕ್ಷ ಹುಟ್ಟಿದ್ದು 1884ರಲ್ಲಿ.

ಮತ್ತೆ, ಅವರನ್ನು ದೇವರು ಮಾಡಬೇಡಿ. ಈ ರೈತ ಗುಂಪಿನ ಹಠ ಒಂದೇ, ಖರ್ಚು ಕಡಿಮೆ ಮಾಡಿ, ತೆರಿಗೆ ಇಳಿಸಿ. ಅಧಿಕಾರಿಗಳ ಸಂಬಳಕ್ಕೂ ಕತ್ತರಿ. ರಾಜಧಾನಿಯ ಓದಿದವರಿಗೆ ಇದು ಬರೀ ಜಿಪುಣತನ ಅನ್ನಿಸುತ್ತಿತ್ತು, ಕೆಲವು ಸಲ ಅವರ ಮಾತೂ ನಿಜ. ಆ ದೂರನ್ನು ಅವರದೇ ದನಿಯಲ್ಲಿ ಒಂದು ಪ್ಯಾರಾ ಕೊಡಿ.

ಕೊನೆಯ ಪುಟ ‘ಅವರ ಆದರ್ಶ ಇಂದಿಗೂ ದಾರಿದೀಪ’ ಅನ್ನುವುದರ ಸುತ್ತ ಸುತ್ತುತ್ತದೆ. ಅದರ ಬದಲು ಮಗ ಆಂಡ್ರಿಯಾಸ್ ಬರಲಿ. ಅಪ್ಪ 1870ರ ಜನವರಿಯಲ್ಲಿ ತೀರಿಕೊಂಡರು, ಮಗ ಮರುವರ್ಷ ಅಮೆರಿಕಕ್ಕೆ ಹೋದ. ಮಿನ್ನಿಯಾಪೊಲಿಸ್‌ನಲ್ಲಿ ಕೂಲಿ ಮಾಡಿ, ಕಾನೂನು ಓದಿ, ಜಡ್ಜ್ ಆದ. ಸೊಸೆ ಕ್ಲಾರಾ ಮಿನ್ನೆಸೋಟದಲ್ಲಿ ಹೆಂಗಸರ ಮತದ ಹಕ್ಕಿನ ಹೋರಾಟಕ್ಕೆ ಮುಂದಾಳು. ಮಾವ ಜಮೀನು ಸಿಕ್ಕ ಮೇಲೆ ಮತದಾರನಾದವರು ಅನ್ನುವುದು ನಿಮ್ಮ ಓದುಗರಿಗೆ ಅಷ್ಟರಲ್ಲಿ ಗೊತ್ತಿರುತ್ತದೆ, ನೀವು ಬಿಡಿಸಿ ಹೇಳಬೇಕಿಲ್ಲ. ಮೊಮ್ಮಗಳು ಬ್ರೆಂಡಾ ಸಾಮಾನ್ಯ ಜನರಿಗೆ ಬರೆಯುವುದನ್ನು ಕಲಿಸಿದವರು. ಅವರು ನನ್ನಷ್ಟು ಒರಟಾಗಿ ಹೇಳುತ್ತಿರಲಿಲ್ಲ ಅನ್ನಿಸುತ್ತದೆ.

ಎಲ್ಲವನ್ನೂ ಒಟ್ಟಿಗೆ ತಿದ್ದೋಕೆ ಹೋಗಬೇಡಿ. ಮೊದಲು 1827ರಿಂದ 1842ರವರೆಗಿನ ಭಾಗ ಮಾತ್ರ ಬರೆದು ಕಳಿಸಿ, ಎಂಟುನೂರು ಪದ ಸಾಕು. ಅದು ಗಟ್ಟಿಯಾಗಿ ಬಂದರೆ ಉಳಿದದ್ದನ್ನು ಮುಂದಿನ ತಿಂಗಳು ಕೂತು ನೋಡೋಣ.