ಗಾಳಿ ದುಂಡಗಿದ್ರೆ ಸುದ್ದಿನೇ ಬರಲ್ಲ

ಪ್ರಶ್ನೆ: ದೊಡ್ಡ ನಕ್ಷತ್ರಗಳ ಗಾಳಿನ ಪೋಲರೈಸ್ಡ್ ಬೆಳಕಲ್ಲಿ ಅಳೀತಾರೆ ಅಂತ ಓದಿದೆ ಸಾರ್. ಟೆಲಿಸ್ಕೋಪಲ್ಲೂ ನಕ್ಷತ್ರ ಬರೀ ಚುಕ್ಕೆ ತಾನೇ, ಮತ್ತೆ ಗಾಳಿ ಹೆಂಗೆ ಗೊತ್ತಾಗುತ್ತೆ?
– ಓದುಗರು, ದಾವಣಗೆರೆ

ಉತ್ತರ: ಚುಕ್ಕೆನೇ, ಅದಕ್ಕೇ ಈ ದಾರಿ ಹಿಡಿದಿದ್ದು. ಈ ಗಾಳಿ ಅಂದ್ರೆ ಸೆಕೆಂಡಿಗೆ ಸಾವಿರ, ಎರಡು ಸಾವಿರ ಕಿಲೋಮೀಟರ್ ವೇಗದಲ್ಲಿ ನುಗ್ಗೋ ಬಿಸಿ ಅನಿಲ, ಅದರ ತುಂಬ ಬಿಡಿ ಎಲೆಕ್ಟ್ರಾನ್‌ಗಳು, ನಕ್ಷತ್ರದ ಬೆಳಕು ಇವಕ್ಕೆ ಬಡಿದು ಪಕ್ಕಕ್ಕೆ ತಿರುಗಿದಾಗ ಅದರ ಕಂಪನ ಒಂದು ದಿಕ್ಕಿಗೆ ಬೀಳುತ್ತೆ, ಅದೇ ಪೋಲರೈಸೇಷನ್. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ರೆ ಬೆಳಿಗ್ಗೆ ಉತ್ತರದ ನೀಲಿ ಆಕಾಶಕ್ಕೆ ಹಿಡಿದು ತಿರುಗಿಸಿ ನೋಡಿ, ಒಂದು ಕೋನದಲ್ಲಿ ಆಕಾಶ ಕಪ್ಪಾಗುತ್ತೆ. (ಅಲ್ಲಿ ಬೆಳಕು ಚದುರಿಸೋದು ಎಲೆಕ್ಟ್ರಾನ್ ಅಲ್ಲ, ನಮ್ಮ ಗಾಳಿಯ ಅಣುಗಳು.)

ಮಜಾ ಇರೋದು ಇಲ್ಲಿ. ನಕ್ಷತ್ರದ ಸುತ್ತ ಗಾಳಿ ಸಮನಾಗಿ ದುಂಡಗಿದ್ರೆ ಮೇಲಿನ ಭಾಗದ್ದನ್ನ ಪಕ್ಕದ ಭಾಗದ್ದು ವಜಾ ಮಾಡಿ ಒಟ್ಟು ಸೊನ್ನೆ. ಏನಾದ್ರೂ ಉಳೀತು ಅಂದ್ರೆ ಎಲ್ಲೋ ಸೊಟ್ಟ ಇದೆ ಅಂತ ಅರ್ಥ, ಗಾಳಿ ಚಪ್ಪಟೆ ಇರಬಹುದು, ಇಲ್ಲ ಪಕ್ಕದಿಂದ ಇನ್ನೊಂದು ನಕ್ಷತ್ರ ಬೆಳಕು ಬಿಡ್ತಿರಬಹುದು. ವಿ444 ಸಿಗ್ನಿ ಅನ್ನೋ ಜೋಡಿ ನಕ್ಷತ್ರ ಹಂಗೇ, ಅದರಲ್ಲಿ ವುಲ್ಫ್-ರಾಯೆ ಜಾತಿಯ (ಅಂದ್ರೆ ತುಂಬಾ ಬಿಸಿ, ಗಾಳಿ ಬಹಳ ಜೋರು) ನಕ್ಷತ್ರಕ್ಕೆ ಜೊತೆಗಾರ ಒಂದಿದೆ, 4.2 ದಿನಕ್ಕೆ ಒಂದು ಸುತ್ತು, ಅಷ್ಟರಲ್ಲಿ ಪೋಲರೈಸೇಷನ್ ಎರಡು ಸಲ ಏರಿ ಇಳಿಯುತ್ತೆ. ದಾರೀಲಿರೋ ಧೂಳೂ ಬೆಳಕನ್ನ ಪೋಲರೈಸ್ ಮಾಡುತ್ತೆ, ಇದು 1949ರಲ್ಲೇ ಗೊತ್ತಾಗಿದ್ದು, ಆದ್ರೆ ಧೂಳಿಂದು ದಿನದಿನಕ್ಕೆ ಬದಲಾಗಲ್ಲ, ಹಾಗಾಗಿ ಕಳೆದುಬಿಡಬಹುದು.

ಆ ಏರಿಳಿತ ಎಷ್ಟು ಅನ್ನೋದ್ರಿಂದ ಎಲೆಕ್ಟ್ರಾನ್ ಎಷ್ಟಿವೆ, ಅದರಿಂದ ನಕ್ಷತ್ರ ಎಷ್ಟು ತೂಕ ಕಳ್ಕೊಳ್ತಿದೆ ಅಂತ ಲೆಕ್ಕ ಸಿಗುತ್ತೆ. ವಿ444 ಸಿಗ್ನಿಯ ವುಲ್ಫ್-ರಾಯೆಗೆ ಲಕ್ಷ ವರ್ಷಕ್ಕೆ ಸೂರ್ಯನ ತೂಕದ ಮುಕ್ಕಾಲು ಭಾಗದ ಆಸುಪಾಸು ಬಂತು, ರೇಡಿಯೋ ಅಳತೆ ಇದಕ್ಕಿಂತ ತುಂಬಾ ಜಾಸ್ತಿ ಹೇಳ್ತಿತ್ತು. ಕಾರಣ ಏನಂದ್ರೆ ಗಾಳಿ ಗಂಟುಗಂಟಾಗಿದೆ, ರೇಡಿಯೋ ಹೊಳಪು ಸಾಂದ್ರತೆಯ ವರ್ಗದ ಪ್ರಕಾರ (ಸಾಂದ್ರತೆ ಎರಡರಷ್ಟಾದ್ರೆ ಹೊಳಪು ನಾಲ್ಕರಷ್ಟು) ಏರೋದ್ರಿಂದ ಗಂಟುಗಳು ಲೆಕ್ಕ ಉಬ್ಬಿಸ್ತವೆ, ಪೋಲರೈಸೇಷನ್ ಮಾತ್ರ ಎಲೆಕ್ಟ್ರಾನ್ ಎಷ್ಟಿದೆಯೋ ಅಷ್ಟೇ ಎಣಿಸುತ್ತೆ. ಈ ವಿಷಯದಲ್ಲಿ ನನ್ನ ಓಟು ಪೋಲರೈಸೇಷನ್‌ಗೇ.

ವಿ444 ನೋಡೋಕೆ ಬೈನಾಕ್ಯುಲರ್ ಬೇಕು. ಬರಿಗಣ್ಣಲ್ಲೇ ವುಲ್ಫ್-ರಾಯೆ ನೋಡ್ಬೇಕಂದ್ರೆ ಮಾರ್ಚ್ ಸಂಜೆ ದಕ್ಷಿಣಕ್ಕೆ ಮುಖ ಮಾಡಿ ನಿಂತು ಅಗಸ್ತ್ಯ ನಕ್ಷತ್ರದ ಎಡಕ್ಕೆ, ಸ್ವಲ್ಪ ಮೇಲೆ ಗಾಮಾ ವೆಲೋರಮ್ ಹುಡುಕಿ, ಅದೂ ಜೋಡಿನೇ.