ನಲವತ್ತು ಅಡಿ ರಸ್ತೆ: ಮರಕ್ಕೂ ಜಾಗವಿದೆ, ನಡೆಯುವವರಿಗೂ

ಪ್ರಶ್ನೆ: ವಿಜಯಪುರದಲ್ಲಿ ನಮ್ಮದು ಅಂಗಡಿಗಳಿರುವ ಹಳೆಯ ರಸ್ತೆ. ಗೋಡೆಯಿಂದ ಗೋಡೆಗೆ 40 ಅಡಿ, ಉತ್ತರ–ದಕ್ಷಿಣವಾಗಿ ಸಾಗುತ್ತದೆ. ಹೊಸದಾಗಿ ಕಾಂಕ್ರೀಟ್ ಹಾಕುವಾಗ ಇರುವ ಬೇವಿನ ಮರಗಳನ್ನು ತೆಗೆದು ಅಲಂಕಾರದ ಗಿಡ ನೆಡುವ ಮಾತು ನಡೆದಿದೆ. ಬೈಕ್ ನಿಲ್ಲಿಸಲು ಜಾಗ ಹೋದರೆ ಗಿರಾಕಿ ಬರುವುದಿಲ್ಲವೆಂದು ವ್ಯಾಪಾರಿಗಳ ಆತಂಕ. ದಾರಿ ಇದೆಯೇ?

ಉತ್ತರ: ಇದೆ. ಮೊದಲು ಆ ಬೇವಿನ ಮರಗಳನ್ನು ಉಳಿಸಿಕೊಳ್ಳಿ. ಬೇವು ಫೆಬ್ರುವರಿ–ಮಾರ್ಚ್‌ನಲ್ಲಿ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಚಿಗುರಿ ಹೂ ಬಿಟ್ಟಿರುತ್ತದೆ. ನಮ್ಮ ಊರಿನಲ್ಲಿ ಬಿಸಿಲು 40 ಡಿಗ್ರಿ ದಾಟುವ ದಿನಗಳಿಗೆ ಸರಿಯಾಗಿ ಅದರ ನೆರಳು ತುಂಬಿರುತ್ತದೆ. ಗುಲ್‌ಮೊಹರ್ ಹೂವಿಗೆ ಚೆಂದ. ಆದರೆ ನೆರಳು ಬೇಕಾದ ಕಾಲದಲ್ಲೇ ಎಲೆ ಕಳೆದುಕೊಳ್ಳುತ್ತದೆ, ಗಾಳಿಮಳೆಗೆ ಕೊಂಬೆಯೂ ಮುರಿಯುತ್ತದೆ. ಬೇಗ ಹಸಿರಾಗುತ್ತದೆಂದು ಕೊನೊಕಾರ್ಪಸ್ ಎಂಬ ವಿದೇಶಿ ಅಲಂಕಾರದ ಮರ ನೆಡಲು ಹೇಳಿದರೆ ಒಪ್ಪಬೇಡಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ. ಹೊಸದಾಗಿ ನೆಡುವುದಾದರೆ ಬೇವು, ಹೊಂಗೆ ಸಾಕು. ಇರುವ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಗುತ್ತಿಗೆದಾರನ ಮಾತೇ ಕೊನೆಯಲ್ಲ.

ಇನ್ನು ಲೆಕ್ಕ. ಎರಡೂ ಬದಿಗೆ ಆರಾರು ಅಡಿ ಪಾದಚಾರಿ ಮಾರ್ಗ, ನಡುವೆ ವಾಹನಗಳಿಗೆ 18 ಅಡಿ. ಎದುರುಬದುರಾಗಿ ಬರುವ ಕಾರು, ಟಂಟಂಗಳಿಗೆ ಇಷ್ಟು ಸಾಕು. ಇನ್ನೂ ಅಗಲ ಕೊಟ್ಟರೆ ವೇಗ ಹೆಚ್ಚುತ್ತದೆ. ಉಳಿದ ಹತ್ತು ಅಡಿಯನ್ನು ಮರಗಳ ಪಟ್ಟಿಯಾಗಿ ಪೂರ್ವದ ಬದಿಗೆ ಆರೂವರೆ, ಪಶ್ಚಿಮಕ್ಕೆ ಮೂರೂವರೆ ಅಡಿ ಹಂಚಿ. ಪೂರ್ವಕ್ಕೆ ಹೆಚ್ಚು ಏಕೆಂದರೆ, ಮಧ್ಯಾಹ್ನದ ನಂತರದ ಬಿಸಿಲೆಲ್ಲ ಆ ಸಾಲಿನ ಅಂಗಡಿಗಳ ಮುಖಕ್ಕೇ ಹೊಡೆಯುತ್ತದೆ. ದೊಡ್ಡ ಮರಗಳು ಅಲ್ಲಿರಲಿ. 25 ಅಡಿಗೊಂದು ಮರ, ಎರಡು ಮರಗಳ ನಡುವೆ ಎಂಟು ಬೈಕ್. ನೆರಳಿನಲ್ಲಿ ಬೈಕ್ ನಿಲ್ಲುತ್ತದೆ, ಗಿರಾಕಿಯೂ ನಿಲ್ಲುತ್ತಾನೆ. ವ್ಯಾಪಾರಿಗಳನ್ನು ಸಭೆಗೆ ಕರೆದು ಈ ನಕ್ಷೆಯನ್ನೇ ಮುಂದಿಡಿ.

ಹೆಚ್ಚು ಮರಗಳು ಸಾಯುವುದು ಬುಡದಲ್ಲಿ. ಕಾಂಡಕ್ಕೆ ತಾಗುವಂತೆ ಸಿಮೆಂಟ್ ಸುರಿದರೆ ಬೇರಿಗೆ ನೀರಿಲ್ಲ, ಗಾಳಿಯಿಲ್ಲ. ಮರದ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಯ ಪ್ರಕರಣದಲ್ಲಿ ಆದೇಶಿಸಿತ್ತು. ಹೊಸ ಗಿಡಕ್ಕೆ ನಾಲ್ಕು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಸಿ. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುತ್ತದೆ. ಆದ್ದರಿಂದ ಗರಸು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ರಸ್ತೆಯಂಚಿನ ಕಲ್ಲಿನಲ್ಲಿ ಅಲ್ಲಲ್ಲಿ ಕಿಂಡಿ ಬಿಟ್ಟರೆ ಮಳೆನೀರು ಚರಂಡಿ ಸೇರುವ ಮೊದಲು ಗುಂಡಿಗೆ ಇಳಿಯುತ್ತದೆ. ಮೂರು ಬೇಸಿಗೆ ನೀರುಣಿಸುವ ಹೊಣೆಯನ್ನು ಟೆಂಡರಿನಲ್ಲೇ ಬರೆಸಿ. ಗಿಡ ನೆಟ್ಟ ಫೋಟೊಗೆ ಹಣ ಸಂದಾಯವಾಗುವ ಪದ್ಧತಿಯಿಂದ ನಮ್ಮ ಊರುಗಳಲ್ಲಿ ಗುಂಡಿಗಳಷ್ಟೇ ಉಳಿದಿವೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಪಾದಚಾರಿ ಮಾರ್ಗ ರಸ್ತೆಯಿಂದ 15 ಸೆಂಟಿಮೀಟರ್‌ಗಿಂತ ಎತ್ತರ ಬೇಡ. ಮೊಣಕಾಲೆತ್ತರಕ್ಕೆ ಕಟ್ಟಿದರೆ ವಯಸ್ಸಾದವರು ಹತ್ತುವುದೇ ಇಲ್ಲ, ವಾಹನಗಳ ನಡುವೆಯೇ ನಡೆಯುತ್ತಾರೆ. ಗೇಟುಗಳಿಗೆ ಬೇಕಾದ ಇಳಿಜಾರು ಮರಗಳ ಪಟ್ಟಿಯೊಳಗೇ ಮುಗಿಯಲಿ. ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್‌ಗಳೂ ಅದೇ ಪಟ್ಟಿಗೆ ಸರಿಯಲಿ.

ಒಂದು ಮಾತು: ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಎತ್ತರದ ನಂದಿಧ್ವಜಗಳು ನಿಮ್ಮ ರಸ್ತೆಯಲ್ಲಿ ಹಾಯುವುದಾದರೆ, ರಸ್ತೆಯ ಮೇಲೆ ಚಾಚುವ ಕೊಂಬೆಗಳನ್ನು ಮರ ಎಳೆಯದಾಗಿರುವಾಗಲೇ ಸವರಿ, ಮೇಲಕ್ಕೆ ಬೆಳೆಸಬೇಕು. ಬಲಿತ ಮೇಲೆ ಒಮ್ಮೆಲೇ ಕಡಿದರೆ ಮರ ಓರೆಯಾಗುತ್ತದೆ.

ಪ್ರಶ್ನೆ: ಅದೇ ರಸ್ತೆಯಲ್ಲಿ ತರಕಾರಿ ಮಾರುವ ಹೆಂಗಸರನ್ನು ಎಬ್ಬಿಸದೆ ಪಾದಚಾರಿ ಮಾರ್ಗ ಮಾಡಬಹುದೇ?

ಉತ್ತರ: ಮಾಡಬಹುದು, ಹಾಗೆಯೇ ಮಾಡಬೇಕು. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯ ಪ್ರಕಾರ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವಂತಿಲ್ಲ. ಈ ಸಮೀಕ್ಷೆ ನಡೆಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಮೇಲೆ ಹೇಳಿದ ಪೂರ್ವದ ಪಟ್ಟಿಯಲ್ಲಿ ಮೂರು ಮರಗಳಿಗೊಮ್ಮೆ ಬೈಕ್ ಬದಲು ಬುಟ್ಟಿಗಳಿಗೆ ಜಾಗ ಗುರುತಿಸಿ, ಹತ್ತಿರದಲ್ಲೊಂದು ನಲ್ಲಿ ಇರಲಿ. ಎಲ್ಲಿ ಕೂರುವುದು ಅನುಕೂಲವೆಂದು ನಕ್ಷೆ ಅಂತಿಮವಾಗುವ ಮೊದಲು ಆ ಹೆಂಗಸರನ್ನೇ ಕೇಳಿ.