ಪುಕ್ಕಟೆ ಟ್ಯಾಕ್ಸ್ ಫೈಲಿಂಗ್ ಅಂದ್ರೆ ಕೆಲಸ ಸರಿ ಇರುತ್ತಾ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಅಣ್ಣ ಸ್ಪಾನ್ಸರ್ ಮಾಡಿದ ಗ್ರೀನ್ ಕಾರ್ಡ್ ಮೇಲೆ ಎರಡು ವರ್ಷದ ಹಿಂದೆ ನ್ಯೂಜೆರ್ಸಿಗೆ ಬಂದಿದ್ದೀರಿ. ನೀವು ದಿನಸಿ ಅಂಗಡಿಯಲ್ಲಿ, ಹೆಂಡತಿ ಡೇಕೇರ್‌ನಲ್ಲಿ ಕೆಲಸ. ಇಬ್ಬರದೂ ಸೇರಿ ವರ್ಷಕ್ಕೆ ಸುಮಾರು 42,000 ಡಾಲರ್, ಇಬ್ಬರು ಸಣ್ಣ ಮಕ್ಕಳು. ಹೋದ ವರ್ಷ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡಿಲ್ಲ, ಈಗ ಮಾಡಲು ಒಬ್ಬರು 400 ಡಾಲರ್ ಕೇಳುತ್ತಿದ್ದಾರೆ. ಲೈಬ್ರರಿಯಲ್ಲಿ ಪುಕ್ಕಟೆ ಮಾಡಿಕೊಡುತ್ತಾರಂತೆ, ನಂಬಬಹುದಾ?

ಧಾರಾಳವಾಗಿ ನಂಬಬಹುದು. ನಾನು ಅಂಥದ್ದೇ ಒಂದು ಕೇಂದ್ರದಲ್ಲಿ ವಾಲಂಟಿಯರ್. ಇದಕ್ಕೆ ವೀಟಾ ಅಂತಾರೆ. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ನಡೆಸುವ ಕಾರ್ಯಕ್ರಮ, ಐವತ್ತು ವರ್ಷಕ್ಕಿಂತ ಹಳೆಯದು. ಪ್ರತಿವರ್ಷ ಪರೀಕ್ಷೆ ಪಾಸಾಗದೆ ನಮ್ಮನ್ನು ಯಾರ ರಿಟರ್ನ್ ಕೂಡ ಮುಟ್ಟಲು ಬಿಡುವುದಿಲ್ಲ. ಒಬ್ಬರು ತಯಾರಿಸಿದ್ದನ್ನು ಇನ್ನೊಬ್ಬರು ನಿಮ್ಮ ಎದುರಿಗೇ ಮೊದಲಿಂದ ನೋಡುತ್ತಾರೆ. ದುಡ್ಡು ಕೊಟ್ಟ ಕಡೆ ಈ ಎರಡನೇ ಕಣ್ಣು ಎಷ್ಟೋ ಸಲ ಇರುವುದಿಲ್ಲ. 2025ರ ಸೀಸನ್‌ನಲ್ಲಿ ಆದಾಯದ ಮಿತಿ ಸುಮಾರು 67,000 ಡಾಲರ್ ಇತ್ತು. ನೀವು ಆರಾಮಾಗಿ ಅದರೊಳಗೆ ಬರುತ್ತೀರಿ.

ಆದರೆ 400 ಡಾಲರ್ ಉಳಿಯುವುದು ಇಲ್ಲಿ ಸಣ್ಣ ಲಾಭ. ದೊಡ್ಡದು ಬೇರೆ ಇದೆ. ದುಡಿದು ಕಡಿಮೆ ಗಳಿಸುವ ಕುಟುಂಬಗಳಿಗೆ ಇಲ್ಲಿ ಅರ್ನ್ಡ್ ಇನ್‌ಕಮ್ ಕ್ರೆಡಿಟ್ ಅಂತ ಇದೆ, 1975ರಿಂದ. ಕಟ್ಟಬೇಕಾದ ತೆರಿಗೆ ಸೊನ್ನೆಯಾದ ಮೇಲೂ ಉಳಿದದ್ದನ್ನು ಸರ್ಕಾರ ಕೈಗೆ ಕೊಡುತ್ತದೆ. 2024ರ ಆದಾಯಕ್ಕೆ ನಿಮ್ಮ ಲೆಕ್ಕ ಹಾಕಿ ನೋಡಿದೆ. ಇಬ್ಬರು ಮಕ್ಕಳು, ಜಂಟಿ ರಿಟರ್ನ್, 42,000 ಸಂಬಳ: ಈ ಕ್ರೆಡಿಟ್ ಒಂದೇ 4,300 ಡಾಲರ್ ದಾಟುತ್ತದೆ. ಆ ವರ್ಷ ಮಕ್ಕಳ ಕ್ರೆಡಿಟ್ ತಲೆಗೆ 2,000 ಇತ್ತು. ಅದು ನಿಮ್ಮ 1,280 ಡಾಲರ್ ತೆರಿಗೆಯನ್ನು ಪೂರ್ತಿ ಅಳಿಸಿ, ಮೇಲೆ 2,720 ಕೊಡುತ್ತದೆ. ಅಂದರೆ ಸಂಬಳದಲ್ಲಿ ಫೆಡರಲ್ ತೆರಿಗೆ ಒಂದು ಡಾಲರ್ ಹಿಡಿಯದಿದ್ದರೂ ಸುಮಾರು 7,000 ಬರುತ್ತದೆ. ನ್ಯೂಜೆರ್ಸಿ ರಾಜ್ಯವೂ ಆ ಮೊದಲನೇ ಕ್ರೆಡಿಟ್‌ನ ಶೇ. 40ರಷ್ಟನ್ನು ಬೇರೆಯಾಗಿ ಕೊಡುತ್ತದೆ, ಅದು 1,700ರ ಮೇಲೆ. ನಾಲ್ವರಿಗೂ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರಬೇಕು. ಇದು ಭಿಕ್ಷೆ ಅಲ್ಲ. ನಮ್ಮವರು ಇದನ್ನು ಕೇಳಿ ಮುಖ ತಿರುಗಿಸುವುದನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ಇಷ್ಟು ದುಡ್ಡು ಇರುವಲ್ಲಿ ಕಳ್ಳರೂ ಇರುತ್ತಾರೆ. "ನಿಮಗೆ 10,000 ತಂದುಕೊಡ್ತೀನಿ" ಅಂತ ಕಾಗದ ನೋಡುವ ಮೊದಲೇ ಹೇಳುವವರ ಹತ್ತಿರ ಹೋಗಬೇಡಿ. ಇಲ್ಲದ ವ್ಯಾಪಾರ, ಇಲ್ಲದ ಖರ್ಚು ಬರೆದು ರೀಫಂಡ್ ಏರಿಸುತ್ತಾರೆ. ತಯಾರಿಸಿದವರ ಸಹಿ ಮತ್ತು ಪಿಟಿನ್ ನಂಬರ್ (ರಿಟರ್ನ್ ತಯಾರಿಸುವವರಿಗೆ ಐಆರ್‌ಎಸ್ ಕೊಡುವ ಗುರುತಿನ ಸಂಖ್ಯೆ) ಜಾಗ ಖಾಲಿ ಬಿಡುತ್ತಾರೆ. ಆಮೇಲೆ ನೋಟಿಸ್ ಬರುವುದು ನಿಮ್ಮ ಹೆಸರಿಗೆ. ಬೇಕೆಂದೇ ಮೋಸ ಮಾಡಿದಿರಿ ಅಂತಾದರೆ 10 ವರ್ಷ ಈ ಕ್ರೆಡಿಟ್ ಸಿಗುವುದಿಲ್ಲ. ನಿಯಮ ಲೆಕ್ಕಿಸದೆ ಬರೆದಿರಿ ಅಂತಾದರೂ 2 ವರ್ಷ.

ಈಗ ನಮ್ಮವರು ಬಾಯಿಬಿಡದ ವಿಷಯ: ಊರಿನ ದುಡ್ಡು. ಗ್ರೀನ್ ಕಾರ್ಡ್ ಇದ್ದವರು ಜಗತ್ತಿನಲ್ಲಿ ಎಲ್ಲಿ ಗಳಿಸಿದರೂ ಇಲ್ಲಿ ತೋರಿಸಬೇಕು. ಎನ್‌ಆರ್‌ಇ (ಅನಿವಾಸಿ ಭಾರತೀಯರ) ಖಾತೆಯ ಬಡ್ಡಿಗೆ ಅಲ್ಲಿ ತೆರಿಗೆ ಇಲ್ಲ, ಇಲ್ಲಿ ಇದೆ. ಅಡಿಕೆ ತೋಟದ ಆದಾಯವೂ ಹಾಗೆಯೇ. ಅಮ್ಮನ ಜೊತೆ ಜಂಟಿ ಖಾತೆ ಇದೆಯಾ? ಎಫ್‌ಡಿ ಇದೆಯಾ? ಅಲ್ಲಿನ ಎಲ್ಲ ಖಾತೆ ಸೇರಿ ವರ್ಷದಲ್ಲಿ ಯಾವತ್ತಾದರೂ ಒಂದು ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ ಅನ್ನುವ ವರದಿ ಪ್ರತ್ಯೇಕವಾಗಿ ಕೊಡಬೇಕು. ಅದನ್ನು ನಾವು ಮಾಡಿಕೊಡುವುದಿಲ್ಲ, ಆದರೆ ಆನ್‌ಲೈನ್‌ನಲ್ಲಿ ನೀವೇ ಪುಕ್ಕಟೆ ಸಲ್ಲಿಸಬಹುದು. ಬರೀ ಬ್ಯಾಂಕ್ ಬಡ್ಡಿಯಾದರೆ ನಿಮ್ಮ ಕೇಂದ್ರದಲ್ಲಿ ಮಾಡಿಕೊಡುತ್ತಾರಾ ಅಂತ ಮೊದಲೇ ಕೇಳಿ. ಊರಲ್ಲಿ ಮನೆ ಬಾಡಿಗೆ, ತೋಟ, ಅಲ್ಲಿನ ಮ್ಯೂಚುವಲ್ ಫಂಡ್ ಇದ್ದರೆ ನಾವು ಕೈ ಹಾಕುವಂತಿಲ್ಲ. ಆಗ ಇಂಡಿಯಾದ ವ್ಯವಹಾರ ಗೊತ್ತಿರುವ ಸಿಪಿಎ (ಇಲ್ಲಿನ ಲೆಕ್ಕಪರಿಶೋಧಕರು) ಹತ್ತಿರ ಹೋಗಿ. ಅಲ್ಲಿ ಕೊಡುವ ದುಡ್ಡು ವ್ಯರ್ಥ ಅಲ್ಲ.

ಕೆಲವು ಕೇಂದ್ರಗಳಲ್ಲಿ ಹಣಕಾಸಿನ ಪಾಠವೂ ಇರುತ್ತದೆ. ಬಜೆಟ್ ಹೇಗೆ ಮಾಡಬೇಕು ಅನ್ನುವ ಕರಪತ್ರಗಳ ಬಗ್ಗೆ ನನಗೆ ಅಂಥ ಗೌರವ ಇಲ್ಲ. ವಾರಕ್ಕೆ ಎರಡು ಅಂಗಡಿಯಲ್ಲಿ ದುಡಿಯುವವರಿಗೆ ಬಜೆಟ್ ಹೇಳಿಕೊಡಬೇಕಾ? ಉಪಯೋಗ ಆಗುವುದು ಎರಡು. ಒಂದು, ರೀಫಂಡ್ ಬರುವಾಗಲೇ ಅದನ್ನು ಮೂರು ಖಾತೆಗಳವರೆಗೆ ಹಂಚಿಸಬಹುದು, 8888 ಅನ್ನುವ ಫಾರಂ ತುಂಬಿದರೆ ಸಾಕು. ಒಂದು ಭಾಗ ನೇರ ಉಳಿತಾಯಕ್ಕೆ ಹೋದರೆ ಕೈಗೆ ಸಿಗುವುದಿಲ್ಲ. ಎರಡು, ನಿಮ್ಮ ಕ್ರೆಡಿಟ್ ರಿಪೋರ್ಟನ್ನು, ಅಂದರೆ ಸಾಲ ಪಡೆದು ತೀರಿಸಿದ ದಾಖಲೆಯನ್ನು, ನಿಮ್ಮ ಜೊತೆ ಕೂತು ಓದಿಸುತ್ತಾರೆ. ಹೊಸದಾಗಿ ಬಂದವರಿಗೆ ಅದು ಬಹಳ ಮುಖ್ಯ. ರೀಫಂಡ್ ಮೇಲೆ ಮುಂಗಡ ಸಾಲ ಕೊಡ್ತೀವಿ ಅನ್ನುವವರಿಂದ ಮಾತ್ರ ದೂರ ಇರಿ. ಅರ್ನ್ಡ್ ಇನ್‌ಕಮ್ ಕ್ರೆಡಿಟ್ ಇರುವ ರೀಫಂಡ್‌ಗಳನ್ನು ಫೆಬ್ರವರಿ ಮಧ್ಯದ ತನಕ ಕಾನೂನೇ ತಡೆಹಿಡಿಯುತ್ತದೆ. ಆ ಕಾಯುವ ಹೊತ್ತನ್ನೇ ಅವರು ಮಾರುವುದು.

ಹೋಗುವಾಗ ಇಬ್ಬರೂ ಹೋಗಿ, ಜಂಟಿ ರಿಟರ್ನ್‌ಗೆ ಇಬ್ಬರ ಸಹಿಯೂ ಬೇಕು. ಫೋಟೋ ಇರುವ ಗುರುತಿನ ಚೀಟಿ, ನಾಲ್ವರ ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಎಲ್ಲ ಡಬ್ಲ್ಯೂ-2 (ಸಂಬಳದ) ಮತ್ತು 1099 (ಬಡ್ಡಿಯಂಥ ಬೇರೆ ಆದಾಯದ) ಕಾಗದಗಳು, ಬ್ಯಾಂಕ್ ಖಾತೆ ನಂಬರ್, ಹಿಂದೆ ಫೈಲ್ ಮಾಡಿದ ರಿಟರ್ನ್ ಇದ್ದರೆ ಅದನ್ನೂ ತಗೊಂಡು ಹೋಗಿ. ಹತ್ತಿರದ ಕೇಂದ್ರ ತಿಳಿಯಲು 800-906-9887ಕ್ಕೆ ಫೋನ್ ಮಾಡಿ. ಜನವರಿ ಕೊನೆಯಲ್ಲೇ ಮಾಡಿ, ಮಾರ್ಚ್ ಬಂತೆಂದರೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ಹೋದ ವರ್ಷ ಫೈಲ್ ಮಾಡಿಲ್ಲ ಅಂದಿದ್ದೀರಿ ಅಲ್ವಾ? ರೀಫಂಡ್ ಕೇಳಲು ಮೂರು ವರ್ಷ ಸಮಯ ಇರುತ್ತದೆ, ಆ ಡಬ್ಲ್ಯೂ-2 ಕೂಡ ಹುಡುಕಿ ಇಟ್ಟುಕೊಳ್ಳಿ.